ವೈರಸ್ ಲೆಕ್ಕ ಇಟ್ಟರೆ ಸಾಲದು, ಎದೆಯನ್ನೂ ನೋಡಿ

ಎಚ್‌ಐವಿ ಅಂದ್ರೆ ಟಿಬಿ, ಭೇದಿ, ಸೊರಗಿದ ಮೈ ಅಂತಲೇ ನಮ್ಮ ಜನ ಈಗಲೂ ತಿಳ್ಕೊಂಡಿದ್ದಾರೆ. 2004ರಿಂದ ಸರ್ಕಾರ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡ್ತಿದೆ. ಅದು ಜೀವ ಉಳಿಸಿದೆ, ಎರಡು ಮಾತಿಲ್ಲ. ಆದರೆ ಹಾಗೆ ಉಳಿದ ಎಷ್ಟೋ ಜನ ಈಗ ನಲವತ್ತು, ಐವತ್ತು ದಾಟಿದ್ದಾರೆ. ಈಗ ಅವರ ಬೆನ್ನು ಹತ್ತಿರೋದು ಹೃದಯಾಘಾತ ಮತ್ತು ಪಾರ್ಶ್ವವಾಯು.

ಯಾಕೆ? ರಕ್ತನಾಳದ ಒಳಗೋಡೆಗೆ ತೆಳುವಾದ ಒಂದು ಪದರ ಇರುತ್ತೆ. ನಾಳ ಹಿಗ್ಗಿ ಕುಗ್ಗೋಕೆ, ರಕ್ತ ಹೆಪ್ಪುಗಟ್ಟದೆ ಹರಿಯೋಕೆ ಅದೇ ಆಧಾರ. ಎಚ್‌ಐವಿ ಇದ್ದವರ ರೋಗನಿರೋಧಕ ವ್ಯವಸ್ಥೆಗೆ ಬಿಡುವೇ ಇಲ್ಲ. ಮಾತ್ರೆಯಿಂದ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದರೂ ಉರಿಯೂತ ಪೂರ್ತಿ ಆರಲ್ಲ. ಬೂದಿ ಮುಚ್ಚಿದ ಕೆಂಡ ಅದು. ಆ ಪದರ ಹಾಳಾಗುತ್ತೆ, ನಾಳ ಗಡುಸಾಗುತ್ತೆ, ಗೋಡೆಯಲ್ಲಿ ಕೊಬ್ಬು ಕೂರುತ್ತೆ. ಹೃದ್ರೋಗದ ಅಪಾಯ ಬೇರೆಯವರಿಗಿಂತ ಸುಮಾರು ಎರಡು ಪಟ್ಟು.

ಇದನ್ನ ಓದಿ ಯಾರೂ ಮಾತ್ರೆ ಬಿಡಬೇಡಿ! ಮಾತ್ರೆ ನಡುನಡುವೆ ನಿಲ್ಲಿಸಿದವರಲ್ಲೇ ಸಾವು, ಹೃದ್ರೋಗ ಜಾಸ್ತಿ ಅಂತ 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಅಧ್ಯಯನ ತೋರಿಸಿತು.

ದಾರಿನೂ ಇದೆ. 2023ರ ರಿಪ್ರೀವ್ ಅಧ್ಯಯನದಲ್ಲಿ ಭಾರತವೂ ಸೇರಿ 12 ದೇಶಗಳ 7,769 ಜನ ಇದ್ದರು, ಎಲ್ಲರೂ 40ರಿಂದ 75ರ ವಯಸ್ಸಿನವರು. ದಿನಕ್ಕೊಂದು ಪಿಟಾವಸ್ಟಾಟಿನ್ ಮಾತ್ರೆ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಡಾಂತರ 35% ಕಡಿಮೆಯಾಯ್ತು. ಅಂಗಡಿಯಲ್ಲಿ ಕೊಂಡು ನುಂಗೋದಲ್ಲ, ವೈದ್ಯರನ್ನ ಕೇಳಿ.

ನನ್ನ ಪ್ರಶ್ನೆ ಇರೋದು ಇಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಯಾವ ಜಾತಿಯವರು? 1982ರ ಕಾನೂನು ಬಂದ ಮೇಲೂ ಆ ಪದ್ಧತಿ ಕದ್ದುಮುಚ್ಚಿ ನಡೀತು, ಅದರ ಜೊತೆಗೇ ಈ ಸೋಂಕೂ ನಮ್ಮ ಕೇರಿಗಳಿಗೆ ಬಂತು. ಅಂಥ ತಾಯಿಗೆ ಎದೆನೋವು ಬಂದರೆ 'ಗ್ಯಾಸ್' ಅಂತ ಕಳಿಸ್ತಾರೆ. ಎಚ್‌ಐವಿ ಇದೆ ಅಂತ ಹೇಳಿದರೆ ಮುಟ್ಟಲ್ಲ ಅನ್ನೋ ಭಯಕ್ಕೆ ಅವಳೂ ಬಾಯಿ ಬಿಡಲ್ಲ. ಮುಟ್ಟದೆ ಇರೋದು ನಮಗೆ ಹೊಸದಾ? ಚಿಕಿತ್ಸೆ ನಿರಾಕರಿಸೋದನ್ನ 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ, ಇದನ್ನ ಪ್ರತಿ ಕೇರಿಗೂ ಮುಟ್ಟಿಸಿ.

ನಮ್ಮ ಬೇಡಿಕೆ ಸರಳ. ಮಾತ್ರೆ ತಗೊಳ್ಳೋಕೆ ಬಂದ ದಿನವೇ, ಅದೇ ಕೇಂದ್ರದಲ್ಲಿ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಆಗಬೇಕು. ಬೇಕಾದವರಿಗೆ ಸ್ಟಾಟಿನ್ ಉಚಿತವಾಗಿ ಸಿಗಬೇಕು. ದಿನಗೂಲಿ ಬಿಟ್ಟು ಎರಡೆರಡು ಆಸ್ಪತ್ರೆ ಅಲೆಯೋಕೆ ನಮ್ಮವರಿಂದ ಆಗಲ್ಲ. ಮುಂದಿನ ಮನವಿಪತ್ರದಲ್ಲಿ ಇದು ಇರಲೇಬೇಕು.

ಜೈ ಭೀಮ್.