ಕುರ್ಚಿ ಬದಲಾದರೆ ಕಸುಬು ಬೆಳೆಯುವುದೇ?

ಹಾಸನದ ಒಂದು ಮನೆ. ಭಾನುವಾರದ ತಿಂಡಿಯ ಹೊತ್ತು. ಬೆಂಗಳೂರಿನಿಂದ ಬಂದಿದ್ದ ಮಗ ದೋಸೆ ಮುರಿಯುತ್ತ, ಬಸ್ಸು ತಡವಾಯಿತು ಎನ್ನುವಷ್ಟು ಸಹಜವಾಗಿ ಹೇಳಿದ: "ಅಪ್ಪ, ಈ ಕಂಪನಿಗೂ ರಾಜೀನಾಮೆ ಕೊಡೋಣ ಅಂತಿದ್ದೀನಿ."

"ಹೋದ ವರ್ಷ ತಾನೆ ಸೇರಿದ್ದು?" ಎಂದರು ತಂದೆ. ಆರು ವರ್ಷಗಳಲ್ಲಿ ಇದು ನಾಲ್ಕನೆಯ ರಾಜೀನಾಮೆ. ತಾಯಿಯ ಚಿಂತೆ ಬೇರೆ. ಹೆಣ್ಣಿನ ಕಡೆಯವರು ಬಂದರೆ ಹುಡುಗ ಎಲ್ಲಿ ಕೆಲಸ ಮಾಡುತ್ತಾನೆಂದು ಹೇಳುವುದು?

ತಂದೆ 1985ರಲ್ಲಿ ವಿದ್ಯುಚ್ಛಕ್ತಿ ಮಂಡಳಿಗೆ ಸೇರಿ 35 ವರ್ಷ ದುಡಿದವರು. ತಮಾಷೆಯೆಂದರೆ ಅವರು ಕೆಲಸ ಬಿಡಲಿಲ್ಲ, ಕೆಲಸ ಕೊಟ್ಟ ಸಂಸ್ಥೆಯೇ ಹೆಸರು ಬದಲಿಸುತ್ತ ಹೋಯಿತು. ಕೆಇಬಿ ಇದ್ದದ್ದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಮೆಸ್ಕಾಂ ಬಂತು, 2005ರಲ್ಲಿ ಹಾಸನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿತು. ಬೋರ್ಡು ಬದಲಾಯಿತು, ಕುರ್ಚಿ ಬದಲಾಗಲಿಲ್ಲ. ಆ ಪೀಳಿಗೆಯವರು ಒಂದೇ ಕಡೆ ನಿಂತದ್ದು ಬರೀ ನಿಷ್ಠೆಯಿಂದ ಎಂದರೆ ಅರ್ಧ ಸತ್ಯ. ಸೇವಾ ಹಿರಿತನ, ವರ್ಷದ ಬಡ್ತಿ, ಕೊನೆಯಲ್ಲಿ ಪಿಂಚಣಿ ಎಲ್ಲವೂ ನಿಂತವನಿಗೇ ಲಾಭವಾಗುವಂತೆ ರೂಪಿಸಿದ ವ್ಯವಸ್ಥೆ ಅದು. ನಡುವೆ ಬಿಟ್ಟವನು ಕಳೆದುಕೊಳ್ಳುತ್ತಿದ್ದ. ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ರ ನಂತರ ಸೇರಿದವರನ್ನು ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತು. ಹಳೆಯ ಆಸರೆ ಅಲ್ಲಿಯೂ ಸಡಿಲವಾಯಿತು.

ಮಗನ ಲೆಕ್ಕಕ್ಕೂ ಅರ್ಥವಿದೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಬಹಳ ವರ್ಷಗಳ ಕಾಲ ವಾರ್ಷಿಕ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿತ್ತು. ಇದ್ದಲ್ಲೇ ಇದ್ದರೆ ಏರುವುದು ಚೂರುಪಾರು, ಬಾಗಿಲು ದಾಟಿದರೆ ಒಂದೇ ಸಲ ದೊಡ್ಡ ಜಿಗಿತ. ಕೋವಿಡ್ ನಂತರ ಈ ಗಾಳಿ ಜೋರಾಗಿ ಬೀಸಿತು. 2022ರ ಜೂನ್‌ಗೆ ಕೊನೆಗೊಂಡ 12 ತಿಂಗಳಲ್ಲಿ ತಾವಾಗಿ ಬಿಟ್ಟುಹೋದವರ ಪ್ರಮಾಣ ಶೇ 28.4 ಎಂದು ಇನ್ಫೋಸಿಸ್ಸೇ ಪ್ರಕಟಿಸಿತು. ನೂರರಲ್ಲಿ 28 ಮಂದಿ! ಆ ಹೊತ್ತಿನಲ್ಲಿ ಬಿಡದವನೇ ದಡ್ಡ ಎನ್ನುವಂತಿತ್ತು.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 2024ರ ಮಾರ್ಚ್ ಹೊತ್ತಿಗೆ ಅದೇ ಕಂಪನಿಯಲ್ಲಿ ಆ ಪ್ರಮಾಣ ಶೇ 12.6ಕ್ಕೆ ಇಳಿದಿತ್ತು. ಆ ಒಂದು ವರ್ಷದಲ್ಲಿ ಒಟ್ಟು ನೌಕರರ ಸಂಖ್ಯೆ ಸುಮಾರು 26,000ದಷ್ಟು ಕಡಿಮೆಯಾಯಿತು. ಹೊಸ ಕರೆ ಬರುವುದು ನಿಂತಾಗ, ಜಿಗಿದು ಜಿಗಿದು ಸಂಬಳ ಏರಿಸಿಕೊಂಡವನನ್ನು ಎಲ್ಲರೂ ಒಂದೇ ಪ್ರಶ್ನೆ ಕೇಳತೊಡಗಿದರು: ಈ ಸಂಬಳಕ್ಕೆ ತಕ್ಕ ಕೆಲಸ ಇವನಿಗೆ ಬರುತ್ತದೆಯೇ?

ವಿಷಯದ ತಿರುಳು ಇಲ್ಲಿದೆ. ಸಾಫ್ಟ್‌ವೇರ್ ಕೆಲಸಕ್ಕೊಂದು ಸುತ್ತು ಇರುತ್ತದೆ. ಗಿರಾಕಿಗೆ ಏನು ಬೇಕೆಂದು ತಿಳಿಯುವುದು, ಪ್ರೋಗ್ರಾಂ ಬರೆಯುವುದು, ಪರೀಕ್ಷಿಸುವುದು, ಒಪ್ಪಿಸುವುದು. ಅಲ್ಲಿಗೆ ಮುಗಿಯಲಿಲ್ಲ. ಎಂಟು ತಿಂಗಳ ಮೇಲೆ ಯಾವುದೋ ರಾತ್ರಿ ಅದು ಕೆಟ್ಟು ನಿಲ್ಲುತ್ತದೆ. ಆಗ ತಾನೇ ಬರೆದದ್ದನ್ನು ಮತ್ತೆ ಓದಿ, "ಇಂಥ ತಪ್ಪನ್ನು ಮಾಡಿದವನು ನಾನೇ" ಎಂದು ಒಪ್ಪಿಕೊಂಡು ಸರಿಪಡಿಸುತ್ತಾನಲ್ಲ, ಕಸುಬು ಕಲಿಯುವುದು ಅಲ್ಲಿ. 14 ತಿಂಗಳಿಗೊಮ್ಮೆ ಬಿಡುವವನು ಬಿತ್ತನೆ ನಾಲ್ಕು ಸಲ ಮಾಡಿರುತ್ತಾನೆ, ಕೊಯ್ಲು ಒಂದನ್ನೂ ಕಂಡಿರುವುದಿಲ್ಲ. ತನ್ನ ತಪ್ಪು ಇನ್ನೊಬ್ಬರ ತಲೆಗೆ ಬಿದ್ದದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ಇದು ಮೊದಲ ನಾಲ್ಕೈದು ವರ್ಷ ಹೊರಗೆ ಕಾಣಿಸದು. ಹತ್ತನೆಯ ವರ್ಷದಲ್ಲಿ, ಹತ್ತು ಜನರ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ಬಂದಾಗ ಕಾಣುತ್ತದೆ.

ಹಾಗಾಗಿ ಸಂದರ್ಶಕರು ಎಷ್ಟು ಕಂಪನಿ ಎಂದು ಎಣಿಸುವುದಕ್ಕಿಂತ, ಪ್ರತಿ ಕಡೆ ಏನನ್ನು ಮುಗಿಸಿದೆ ಎಂದು ಕೇಳುವುದು ಹೆಚ್ಚು ನ್ಯಾಯ. ಅದಕ್ಕೆ ಉತ್ತರವಿದ್ದರೆ ನಾಲ್ಕು ಬದಲಾವಣೆಯೂ ದೋಷವಲ್ಲ. ಉತ್ತರವಿಲ್ಲದಿದ್ದರೆ ಒಂದೇ ಕಡೆ ಒಂಬತ್ತು ವರ್ಷ ಕೂತದ್ದೂ ಗುಣವಲ್ಲ. ಒಬ್ಬನೇ ಗಿರಾಕಿಯ ಒಂದೇ ಹಳೆಯ ತಂತ್ರವನ್ನು ನಂಬಿ ಕುಳಿತು, ಅದು ಮುಚ್ಚಿದ ದಿನ ಬೀದಿಗೆ ಬಂದವರೂ ಉಂಟು. ತಿಂಗಳುಗಟ್ಟಲೆ ಸಂಬಳ ಕೊಡದ ಕಡೆ, ಕೆಲಸವಿಲ್ಲದೆ ಬೆಂಚಿನ ಮೇಲೆ ಕೂರಿಸಿದ ಕಡೆ, ಮರ್ಯಾದೆಯಿಲ್ಲದ ಕಡೆ ಮೂರೇ ತಿಂಗಳಿಗೆ ಬಿಟ್ಟರೂ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಹುಡುಗರು ನೋಡದೇ ಬಿಡುವ ಇನ್ನೊಂದು ಲೆಕ್ಕ ಭವಿಷ್ಯನಿಧಿಯದು. ಸಂಬಳದಿಂದ ಶೇ 12 ಕಡಿತವಾಗುತ್ತದೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಮೂಲ ವೇತನ 15,000 ರೂಪಾಯಿಯೊಳಗೆ ಇದ್ದಾಗ ಸೇರಿದವರಿಗೆ ಕಂಪನಿಯ ಪಾಲಿನಲ್ಲಿ ಒಂದು ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಆ ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಅದು ಒಂದೇ ಕಂಪನಿಯಲ್ಲಿ ಆಗಬೇಕೆಂದಿಲ್ಲ. ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆ ಕೂಡಿಕೊಳ್ಳುತ್ತದೆ. 2014ರಿಂದ ಒಬ್ಬರಿಗೆ ಒಂದೇ ಯುಎಎನ್ ಸಂಖ್ಯೆ ಬಂದ ಮೇಲೆ ಇದು ಮೊದಲಿಗಿಂತ ಸುಲಭ. ಆದರೆ ಕೆಲಸ ಬಿಟ್ಟಾಗಲೆಲ್ಲ ಹಣ ಹಿಂಪಡೆದರೆ ಸೇವೆ ಮತ್ತೆ ಸೊನ್ನೆಯಿಂದ ಶುರು. ಐದು ವರ್ಷ ತುಂಬುವ ಮೊದಲು ಪಡೆದ ಹಣಕ್ಕೆ ತೆರಿಗೆ ಬೇರೆ.

ಗ್ರಾಚ್ಯುಯಿಟಿ ಹಾಗಲ್ಲ, ಅದು ಜೊತೆಗೆ ಬರುವುದಿಲ್ಲ. 1972ರ ಕಾಯ್ದೆ ತಂದ ನಿಯಮದಂತೆ ಕಾಯಂ ನೌಕರನಿಗೆ ಅದೇ ಸಂಸ್ಥೆಯಲ್ಲಿ ಐದು ವರ್ಷ ಆಗಬೇಕು. ಕೊನೆಯ ಮೂಲ ವೇತನ 40,000 ರೂಪಾಯಿ ಇದ್ದವನಿಗೆ ಐದು ವರ್ಷಕ್ಕೆ ಸಿಗುವುದು ಸುಮಾರು 1,15,000 ರೂಪಾಯಿ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಮಾತ್ರ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಒಂದೇ ವರ್ಷಕ್ಕೆ ಈ ಹಕ್ಕು ಕೊಟ್ಟಿದೆ. ಹೊಸ ಕಡೆ ಸಿಗುವ ಹೆಚ್ಚಳ ಇದನ್ನು ಮೀರಿಸಬಹುದು, ಮೀರಿಸದಿರಲೂಬಹುದು. ಕಾಗದದ ಮೇಲೆ ಕೂಡಿ ಕಳೆದು ನೋಡಿದವರು ಕಡಿಮೆ.

ಬಾಂಡ್ ವಿಷಯ ಹೆತ್ತವರಿಗೆ ಮುಖ್ಯ. ಮಗ ಸಹಿ ಹಾಕುವಾಗ ಪಕ್ಕದಲ್ಲಿ ಸಾಕ್ಷಿ ಹಾಕುವವರು ಎಷ್ಟೋ ಸಲ ಅವರೇ. "ಕೋರ್ಟಿನಲ್ಲಿ ಇದು ನಿಲ್ಲಲ್ಲ" ಎಂಬ ಮಾತು ಹಾಸ್ಟೆಲುಗಳಲ್ಲಿ ಚಾಲ್ತಿಯಲ್ಲಿದೆ. ವಿಜಯಾ ಬ್ಯಾಂಕಿನ ಒಂದು ಪ್ರಕರಣ ಇದಕ್ಕೆ ಉತ್ತರ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತು ಅಲ್ಲಿತ್ತು. 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟ ಅಧಿಕಾರಿಯೊಬ್ಬರು ಹಣ ಕಟ್ಟಿ, ಅದು ಅನ್ಯಾಯವೆಂದು ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಷರತ್ತು ಸರಿ ಎಂದಿತು. ಎಲ್ಲ ಬಾಂಡುಗಳೂ ನಿಲ್ಲುತ್ತವೆ ಎಂದು ಇದರರ್ಥವಲ್ಲ. ಅದು ಸರ್ಕಾರಿ ಬ್ಯಾಂಕು, ಅದರ ನೇಮಕಾತಿಯ ಖರ್ಚು, ಅಧಿಕಾರಿಯ ಹುದ್ದೆ ಎಲ್ಲವನ್ನೂ ನೋಡಿ ಕೊಟ್ಟ ತೀರ್ಪು. ಆದರೂ ಓದದೆ ಸಹಿ ಹಾಕುವುದು ಬೇಡ.

ಹಾಸನದ ಮನೆಯಲ್ಲಿ ವಾದ ಮಧ್ಯಾಹ್ನದವರೆಗೂ ನಡೆಯಿತು. "ವಿಶ್ವೇಶ್ವರಯ್ಯನವರು ಮುಂಬಯಿ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ 1908ರ ತನಕ ಇದ್ದರಯ್ಯಾ" ಎಂದರು ತಂದೆ. ಮಗ ಬಿಡಲಿಲ್ಲ: "ಅಲ್ಲೇ ಇದ್ದಿದ್ರೆ ಕನ್ನಂಬಾಡಿ ಕಟ್ಟೋಕೆ ಆಗ್ತಿತ್ತಾ ಅಪ್ಪ?" ತಾಯಿ ನಕ್ಕರು. ಇಬ್ಬರ ಮಾತೂ ನಿಜ. ಮೈಸೂರು ಅವರನ್ನು 1909ರಲ್ಲಿ ಮುಖ್ಯ ಎಂಜಿನಿಯರಾಗಿ ಕರೆಸಿಕೊಂಡದ್ದು, ಖಡಕ್ವಾಸ್ಲಾದ ಸ್ವಯಂಚಾಲಿತ ಗೇಟುಗಳಂಥ ಮುಗಿಸಿದ ಕೆಲಸಗಳು ಹೆಸರಿಗಿಂತ ಮೊದಲೇ ಬಂದು ನಿಂತಿದ್ದರಿಂದ.

ಕೊನೆಗೆ ತಂದೆ ಕನ್ನಡಕ ಹಾಕಿಕೊಂಡು, "ನಿನ್ನ ಪಿ.ಎಫ್. ಪಾಸ್‌ಬುಕ್ ತೋರಿಸು" ಎಂದರು. ಮಗ ಮೊಬೈಲಿನಲ್ಲಿ ತೆರೆದುಕೊಟ್ಟ. ಮೊದಲ ಕಂಪನಿಯ ಎರಡು ವರ್ಷದ ಹಣ ಅದರಲ್ಲಿ ಇರಲಿಲ್ಲ. 2021ರಲ್ಲಿ, ಎರಡು ಕೆಲಸಗಳ ನಡುವೆ ಮೂರು ತಿಂಗಳು ಮನೆಯಲ್ಲಿದ್ದಾಗ, ಅದನ್ನು ಪೂರ್ತಿ ಹಿಂಪಡೆದಿದ್ದ. ಆ ಹಣದ ಬೈಕು ಹೊರಗೆ ಗೇಟಿನ ಬಳಿ ನಿಂತಿತ್ತು. ತಂದೆ ಏನೂ ಹೇಳದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ವರ್ಷಗಳನ್ನು ಬರೆದು ಕೂಡತೊಡಗಿದರು.

"ಈಗ ಕೈಯಲ್ಲಿರೋ ಪ್ರಾಜೆಕ್ಟು ಯಾವಾಗ ಮುಗಿಯುತ್ತೆ?"

"ಮಾರ್ಚ್‌ಗೆ."

"ಆ ಕಂಪನಿಯವರು ಅಲ್ಲಿವರೆಗೆ ಕಾಯ್ತಾರಾ?"

"ಕೇಳಿಲ್ಲ ಅಪ್ಪ," ಎಂದ ಮಗ. "ನಾಳೆ ಫೋನ್ ಮಾಡಿ ಕೇಳ್ತೀನಿ."