ಲ್ಯಾಕ್ಟೇಟ್ ಮಾಪಕದ ಖರೀದಿ: ಯಂತ್ರದ ಬೆಲೆಯೊಂದೇ ಮಾನದಂಡವಾಗದಿರಲಿ

ಆಸ್ಪತ್ರೆ ಉಪಕರಣಗಳ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರಿಗೆ ಲ್ಯಾಕ್ಟೇಟ್ ಮಾಪಕವು ಅಪರಿಚಿತ ವಸ್ತುವೇನಲ್ಲ. ದೇಹದ ಅಂಗಾಂಶಗಳಿಗೆ ಆಮ್ಲಜನಕದ ಪೂರೈಕೆ ಕುಂದಿದಾಗ ರಕ್ತದಲ್ಲಿ ಲ್ಯಾಕ್ಟೇಟ್ ಅಂಶ ಏರುತ್ತದೆ. ಸೋಂಕಿನಿಂದ ದೇಹವೆಲ್ಲ ನಂಜೇರುವ ಸೆಪ್ಸಿಸ್ ರೋಗಿಗಳಲ್ಲಿ ಮೊದಲ ಒಂದು ಗಂಟೆಯೊಳಗೆ ಇದನ್ನು ಅಳೆಯಬೇಕು, ಲೀಟರಿಗೆ 2 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ ಮತ್ತೆ ಅಳೆಯಬೇಕು ಎಂದು 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮೂಹವು ಸೂಚಿಸಿತು. ಆದಕಾರಣ ರೋಗಿಯ ಹಾಸಿಗೆಯ ಬಳಿಯಲ್ಲೇ ಪರೀಕ್ಷೆ ನಡೆಸುವ ಉಪಕರಣಗಳಿಗೆ ಮಹತ್ವ ಬಂದಿದೆ.

ಮಾದರಿ ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಕಾಯುವುದರಲ್ಲಿ ಇನ್ನೊಂದು ತೊಡಕೂ ಇದೆ. ಕೊಳವೆಯೊಳಗಿನ ರಕ್ತಕಣಗಳು ಸಕ್ಕರೆಯನ್ನು ಬಳಸಿ ಲ್ಯಾಕ್ಟೇಟ್ ಉತ್ಪಾದಿಸುತ್ತಲೇ ಇರುತ್ತವೆ. ಮಂಜುಗಡ್ಡೆಯಲ್ಲಿಡದೆ ತಡಮಾಡಿದರೆ ಅಂಕಿ ಸುಳ್ಳಾಗಿ ಏರುತ್ತದೆ.

ಮಾರುಕಟ್ಟೆಯಲ್ಲಿ ಮೂರು ಬಗೆಯ ಉಪಕರಣಗಳಿವೆ: ಸ್ಟ್ರಿಪ್ ಬಳಸುವ ಕೈಮಾಪಕ, ಒಮ್ಮೆ ಬಳಸಿ ಎಸೆಯುವ ಕಾರ್ಟ್ರಿಜ್‌ನ ಯಂತ್ರ, ಲ್ಯಾಕ್ಟೇಟ್ ಸಂವೇದಕವುಳ್ಳ ರಕ್ತಾನಿಲ ವಿಶ್ಲೇಷಕ. ಇವುಗಳ ಆಯ್ಕೆಯಲ್ಲಿ ಖರೀದಿದಾರರು ಯಂತ್ರದ ಬೆಲೆಗೆ ಮಾತ್ರ ಗಮನ ಕೊಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ: ಒಂದು ಯಂತ್ರಕ್ಕೆ ರೂ. 40,000, ಅದರ ಪ್ರತಿ ಸ್ಟ್ರಿಪ್‌ಗೆ ರೂ. 150. ಇನ್ನೊಂದಕ್ಕೆ ರೂ. 15,000, ಸ್ಟ್ರಿಪ್‌ಗೆ ರೂ. 300. ತಿಂಗಳಿಗೆ 10 ಪರೀಕ್ಷೆಯಂತೆ ಎರಡು ವರ್ಷಗಳಲ್ಲಿ ಮೊದಲನೆಯದಕ್ಕೆ ರೂ. 76,000, ಎರಡನೆಯದಕ್ಕೆ ರೂ. 87,000 ತಗಲುತ್ತದೆ. ತಿಂಗಳಿಗೆ ಮೂರೇ ಪರೀಕ್ಷೆ ಮಾಡುವ ನರ್ಸಿಂಗ್ ಹೋಮಿಗಾದರೆ ಕ್ರಮವಾಗಿ ರೂ. 50,800 ಮತ್ತು ರೂ. 36,600. ಅಂದರೆ ಗಿರಾಕಿಯ ಬಳಕೆಯ ಪ್ರಮಾಣವನ್ನು ಕೇಳದೆ ದರಪಟ್ಟಿ ನೀಡುವುದೇ ತಪ್ಪು. ವಾಯಿದೆ ಮುಗಿದು ಎಸೆಯುವ ಸ್ಟ್ರಿಪ್‌ಗಳು, ಗುಣಮಟ್ಟ ಪರಿಶೀಲನೆಯ ದ್ರಾವಣ, ದುರಸ್ತಿಯ ವೆಚ್ಚ ಇವನ್ನೂ ಸೇರಿಸಬೇಕು. ಕೆಲವು ರಕ್ತಾನಿಲ ವಿಶ್ಲೇಷಕಗಳ ಕಾರ್ಟ್ರಿಜ್ ಅಳವಡಿಸಿದ ಬಳಿಕ ಬಳಸಲಿ, ಬಿಡಲಿ, ಗೊತ್ತಾದ ದಿನಗಳಲ್ಲಿ ಮುಗಿದುಹೋಗುತ್ತದೆ.

ಅಗ್ಗದ ದರದ ಹಿಂದೆ ಮತ್ತೊಂದು ಅಪಾಯವಿದೆ. ಕ್ರೀಡಾಪಟುಗಳ ತರಬೇತಿಗೆಂದು ತಯಾರಾದ ಮಾಪಕಗಳೂ ನೋಟಕ್ಕೆ ಇಂಥವೇ. ಅವನ್ನು ತೀವ್ರ ನಿಗಾ ಘಟಕಕ್ಕೆ ಮಾರುವುದು ವ್ಯಾಪಾರ ಧರ್ಮವಲ್ಲ. ರಕ್ತಹೀನತೆಯುಳ್ಳ ರೋಗಿಯಲ್ಲಿ ಅಳತೆ ಎಷ್ಟು ನಿಖರ, ಪ್ರಯೋಗಾಲಯದ ಅಂಕಿಗೂ ಇದಕ್ಕೂ ಅಂತರವೆಷ್ಟು ಎಂಬ ಪ್ರಶ್ನೆಗಳಿಗೆ ತಯಾರಕರಿಂದ ಲಿಖಿತ ಉತ್ತರ ಪಡೆದಿರಬೇಕು. ಸಾಧ್ಯವಿದ್ದಲ್ಲಿ ಆಸ್ಪತ್ರೆಯ ಪ್ರಯೋಗಾಲಯದೊಡನೆ ಹೋಲಿಸಿ ನೋಡಲು ಯಂತ್ರವನ್ನು ಕೆಲದಿನ ಬಿಟ್ಟುಕೊಡುವುದು ಲೇಸು.

ಸಾಗಾಣಿಕೆಯೂ ನಮ್ಮ ಹೊಣೆಯೇ. 30 ಡಿಗ್ರಿ ಸೆಲ್ಸಿಯಸ್ ಮಿತಿಯೆಂದು ಮುದ್ರಿಸಿದ ಪೊಟ್ಟಣವನ್ನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಿಗೆ ಸಾಮಾನ್ಯ ಪಾರ್ಸೆಲ್ಲಿನಲ್ಲಿ ಕಳುಹಿಸಿದರೆ ಸ್ಟ್ರಿಪ್ ಕೆಟ್ಟಿರಬಹುದು. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ.

ಕಾನೂನಿನ ಕಡೆಯೂ ಲಕ್ಷ್ಯವಿರಲಿ. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ತಯಾರಿಕೆ ಮತ್ತು ಆಮದಿಗೆ ಸಾಧನದ ವರ್ಗಕ್ಕೆ ತಕ್ಕ ಪರವಾನಗಿ ಬೇಕು. ಮಾರಾಟಗಾರರೂ ಔಷಧ ಮಾರಾಟದ ಪರವಾನಗಿ ಇಲ್ಲವೇ 2022ರಲ್ಲಿ ಬಂದ ನೋಂದಣಿ ಪ್ರಮಾಣಪತ್ರ ಹೊಂದಿರಬೇಕು.

ಖರೀದಿ ಮಾಡುವ ಆಸ್ಪತ್ರೆಗಳು ಟೆಂಡರಿನಲ್ಲಿ ಯಂತ್ರದ ಬೆಲೆಯ ಬದಲು "ಎರಡು ವರ್ಷಗಳಲ್ಲಿ ಪ್ರತಿ ಪರೀಕ್ಷೆಗೆ ತಗಲುವ ವೆಚ್ಚ"ವನ್ನು ಕೇಳಬೇಕು. ಅವರು ಕೇಳದಿದ್ದರೂ ನಮ್ಮ ಸದಸ್ಯರು ದರಪಟ್ಟಿಯ ಜೊತೆಗೆ ಆ ಲೆಕ್ಕವನ್ನು ತಾವಾಗಿಯೇ ಲಗತ್ತಿಸಲಿ. ಇದರಿಂದ ಒಂದೆರಡು ಆರ್ಡರುಗಳು ಕೈತಪ್ಪಬಹುದು. ಆದರೆ ನಡುರಾತ್ರಿ ವೈದ್ಯರು ನಂಬಿ ಚಿಕಿತ್ಸೆ ಆರಂಭಿಸುವ ಅಂಕಿಯು ನಾವು ಮಾರಿದ ಸ್ಟ್ರಿಪ್‌ನಿಂದ ಬಂದಿರುತ್ತದೆ ಎಂಬುದನ್ನು ವರ್ತಕರಾದ ನಾವು ಮರೆಯಲಾಗದು.