ಒಣಸೌದೆ ಆಯುವವರು ಕಳ್ಳರಲ್ಲ

ಹೊನ್ನಾಳಿ ರಸ್ತೆಯ ಹೊಳಲೂರಿನಲ್ಲಿ ಅಡಿಕೆ ತೋಟವಿರುವವರಿಗೆ ಸೋಗೆ, ಹಾಳೆ, ತೆಂಗಿನ ಮಟ್ಟೆಗಳಿವೆ. ಬಚ್ಚಲ ಹಂಡೆ ಕಾಯಿಸಲು ಅವರು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ತೋಟವಿಲ್ಲದವರ ಪಾಡು ಬೇರೆ. ಹೊಳಲೂರಾಗಲಿ, ಭದ್ರಾವತಿಯ ಕಾಡಂಚಿನ ಹಳ್ಳಿಯಾಗಲಿ, ಆ ಮನೆಯ ಹೆಂಗಸು ತಲೆಗೆ ಸಿಂಬಿ ಇಟ್ಟು ಹಳ್ಳದ ದಂಡೆಗೋ ಕಾಡಿಗೋ ನಡೆಯಲೇಬೇಕು. ಅವಳ ಹೊರೆಯನ್ನು ಕಂಡೊಡನೆ ‘ಕಾಡು ಹಾಳು ಮಾಡುವವರು ಇವರೇ’ ಎಂಬ ಮಾತು ಕಚೇರಿಗಳಲ್ಲಷ್ಟೇ ಅಲ್ಲ, ಪರಿಸರ ಶಿಬಿರಗಳಲ್ಲಿಯೂ ಕೇಳಿಬರುತ್ತದೆ. ಇದನ್ನು ನಾವು ಒಪ್ಪಲಾರೆವು.

ಮಲೆನಾಡಿನ ಕಾಡು ಯಾರ ಒಲೆಯಲ್ಲಿ ಉರಿಯಿತು? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ, ಕಲ್ಲಿದ್ದಲಿಲ್ಲದ ಈ ನಾಡಿನಲ್ಲಿ ಅದಿರು ಕರಗಿಸಿದ್ದು ನಮ್ಮ ಮರಗಳ ಇದ್ದಿಲು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ನೆಡುತೋಪಿಗಾಗಿ 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. 2015ರಲ್ಲಿ ಕಾರ್ಖಾನೆಯೇ ಉತ್ಪಾದನೆ ನಿಲ್ಲಿಸಿತು. ಆದರೂ 2020ರಲ್ಲಿ ಗುತ್ತಿಗೆಯನ್ನು ಮತ್ತೆ 40 ವರ್ಷ ವಿಸ್ತರಿಸಲು ಸರ್ಕಾರ ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಹೋರಾಟ ಎದ್ದದ್ದು ಆಗ. ಕಾರ್ಖಾನೆಗೆ ದಶಕಗಳ ಲೆಕ್ಕದಲ್ಲಿ ಭೂಮಿ, ಬಡವಳಿಗೆ ಒಂದು ಹೊರೆಗೂ ಗದರಿಕೆ! ಇದು ಯಾವ ನ್ಯಾಯ?

‘ಅಕೇಶಿಯಾವೂ ಉರಿಯುತ್ತದಲ್ಲ’ ಎನ್ನುವವರಿದ್ದಾರೆ. ಉರಿಯುತ್ತದೆ, ನಿಜ. ಆದರೆ ದನಕ್ಕೆ ಮೇವು, ಗದ್ದೆಗೆ ಸೊಪ್ಪು, ಮಕ್ಕಳಿಗೆ ಹಣ್ಣು ಅದರಿಂದ ದೊರೆಯುವುದೇ? ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಉರುವಲನ್ನು ಊರಿನ ಇತರ ಅಗತ್ಯಗಳಿಂದ ಬೇರ್ಪಡಿಸಲಾಗದು ಎಂಬುದೇ ಆ ಸತ್ಯಾಗ್ರಹದ ಪಾಠ.

ಕಾನೂನೂ ನಮ್ಮ ಪರವಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕುರುಚಲು ಕಟ್ಟಿಗೆ ಹಾಗೂ ಮರದ ಬೊಡ್ಡೆಗಳನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿದೆ. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಅರಣ್ಯವಾಸಿಗಳಿಗೆ ಅವುಗಳ ಮೇಲೆ ಹಕ್ಕು ನೀಡಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದಪತ್ರವಿಲ್ಲವೆಂದು ಎದೆಗುಂದುವವರು ಗಮನಿಸಲಿ: ಊರ ಹಿರಿಯರ ಲಿಖಿತ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಅರ್ಜಿಯ ವಿಚಾರಣೆ ಆರಂಭವಾಗುವುದು ಗ್ರಾಮಸಭೆಯಲ್ಲಿ.

ಆದರೆ ಹಕ್ಕು ಕೇಳುವ ಬಾಯಿ ಹೊಣೆಯನ್ನೂ ಹೇಳಬೇಕು. ಹಸಿಮರಕ್ಕೆ ಕೊಡಲಿ ಹಾಕುವವರು, ಸೌದೆಯ ನೆಪದಲ್ಲಿ ಪೇಟೆಗೆ ಲಾರಿ ತುಂಬುವವರು ನಮ್ಮವರಲ್ಲ. ಒಣಗಿ ಬಿದ್ದದ್ದನ್ನು ಆಯೋಣ. ಹಕ್ಕಿ ಗೂಡಿರುವ ಪೊಟರೆಮರವನ್ನು, ಮಣ್ಣಿಗೆ ಗೊಬ್ಬರವಾಗುವ ಲಡ್ಡುಕಟ್ಟಿಗೆಯನ್ನು ಬಿಡೋಣ. ಬಚ್ಚಲೊಲೆಗೆ ದಪ್ಪ ಕುಂಟೆ ನೂಕಿ ದಿನವಿಡೀ ಉರಿಸುವ ದೊಡ್ಡಮನೆಗಳೂ ತಮ್ಮ ಲೆಕ್ಕ ನೋಡಿಕೊಳ್ಳಲಿ. ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿ ದಶಕಗಳೇ ಸಂದವು. ಆ ಜಾಣತನವನ್ನು ನಾವು ಮರೆತದ್ದೇಕೆ?

‘ಈಗ ಗ್ಯಾಸ್ ಇದೆಯಲ್ಲ’ ಎಂಬುದು ಇನ್ನೊಂದು ವಾದ. 2016ರ ಉಜ್ವಲ ಯೋಜನೆಯಿಂದ ಒಲೆ ಮನೆಗೆ ಬಂತು. ಸಿಲಿಂಡರ್ ತುಂಬಿಸುವ ದುಡ್ಡು ಕೂಲಿಯವರ ಕೈಗೆ ಪ್ರತಿ ತಿಂಗಳೂ ಬಂದೀತೇ? ಆಷಾಢದ ಜಡಿಮಳೆಯಲ್ಲಿ ಹಂಡೆಯ ನೀರು ಕಾಯಿಸಲು, ಬಾಣಂತಿಯ ಕೋಣೆ ಬೆಚ್ಚಗಿಡಲು ಬೇಕಾಗುವುದು ಕೆಂಡವೇ.

ಈ ಸೌದೆಯನ್ನು ‘ಪುಕ್ಕಟೆ’ ಎನ್ನುತ್ತಾರೆ. ಅರ್ಧ ದಿನದ ನಡಿಗೆ, ಕುತ್ತಿಗೆಯ ನೋವು, ಶಾಲೆ ತಪ್ಪಿಸಿ ತಾಯಿಯ ಹಿಂದೆ ನಡೆವ ಮಗಳು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲದ ಬೆಲೆಗಳು. ಆದ್ದರಿಂದಲೇ ಊರಿನ ಹತ್ತಿರದ ಬೋಳುಗುಡ್ಡದಲ್ಲಿ ಹೊನ್ನೆ, ಮತ್ತಿ, ಹಲಸು, ನೇರಳೆ ಬೆಳೆಯಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಹಿರಿಯರ ಬಳಿ ಕುಳಿತು ಅವರ ತಾಯಂದಿರು ಎಲ್ಲಿಂದ ಸೌದೆ ತರುತ್ತಿದ್ದರೆಂದು ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಓದಿ, ನಿರ್ಣಯ ಪುಸ್ತಕಕ್ಕೆ ಸೇರಿಸುವ ತನಕ ಎದ್ದುಬರಬೇಡಿ.